ಮೊದಲ ಮುದ್ದೆ

ಹಬೆಯಾಡುವ ಮೊದಲ ಮುದ್ದೆ ಸವರಿಯಪ್ಪನ ತಟ್ಟೆಗೆ ಬರಲಿಲ್ಲ. ಮಗಳು ಬೆನಿಟಾ ಅದನ್ನು ಅಪ್ಪನ ಮುಂದಿನಿಂದಲೇ ದಾಟಿಸಿ, ಒಲೆಯ ಪಕ್ಕ ಕೂತಿದ್ದ ಅವ್ವನ ತಟ್ಟೆಗೆ ಇಟ್ಟಳು.

"ಅಯ್ಯೋ, ನಿಮ್ಮಪ್ಪಂಗೆ ಮೊದ್ಲು ಇಕ್ಕವ್ವ," ಲೂರ್ದಮ್ಮ ಗಾಬರಿಯಿಂದ ತಟ್ಟೆ ಸರಿಸಿದಳು. ಎಲ್ಲರೂ ಉಂಡೆದ್ದ ಮೇಲೆ ಉಳಿದ ತಣ್ಣನೆಯ ಮುದ್ದೆಯೇ ಮದುವೆಯಾದಾಗಿನಿಂದ ಅವಳ ಊಟ.

"ಕ್ಯಾಂಪಲ್ಲಿ ಬೇಯಿಸ್ದೋರ್ಗೇ ಮೊದ್ಲು ಇಕ್ತಿದ್ವಿ ಕಣವ್ವ. ಫಾದರ್ರೂ ತಟ್ಟೆ ಇಡ್ಕಂಡು ಕಾಯೋರು," ಎಂದಳು ಬೆನಿಟಾ. ಕೊಳ್ಳೇಗಾಲದಲ್ಲಿ ಚರ್ಚಿನ ಬೇಸಿಗೆ ಶಿಬಿರ ಮುಗಿಸಿ ಅವಳು ಅಜ್ಜೀಪುರಕ್ಕೆ ಮರಳಿದ್ದು ಅಂದು ಬೆಳಿಗ್ಗೆಯಷ್ಟೇ. "ಹತ್ತು ದಿನ ಆಡ್ಕಂಡು ಕುಣ್ಕಂಡು ಬಂದ್ರೆ ಏನ್ ಕಲ್ತಾಳು?" ಎಂದು ಕಳಿಸುವಾಗ ಗೊಣಗಿದ್ದ ಸವರಿಯಪ್ಪ ಈಗ ಖಾಲಿ ತಟ್ಟೆಯ ಮುಂದೆ ಹುಬ್ಬು ಗಂಟಿಕ್ಕಿ ಕೂತಿದ್ದ. ಆದರೂ ಬೆನಿಟಾ ತಟ್ಟೆಯನ್ನು ಮತ್ತೆ ಅವ್ವನತ್ತಲೇ ತಳ್ಳಿದಳು.

ಲೂರ್ದಮ್ಮ ಗಂಡನ ಮುಖ ನೋಡುತ್ತಲೇ ಒಂದು ತುತ್ತು ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟಳು. ಮರುಗಳಿಗೆಯೇ ಬಾಯಿ ತೆರೆದು ಉಫ್ ಉಫ್ ಎಂದಳು. ಕಣ್ಣಲ್ಲಿ ನೀರು ತುಂಬಿತು. ಇಪ್ಪತ್ತು ವರ್ಷ ಸುಡುಸುಡುವ ಹಿಟ್ಟನ್ನು ಬರಿಗೈಯಲ್ಲಿ ಉಂಡೆ ಕಟ್ಟಿದವಳಿಗೆ ಬಿಸಿ ಮುದ್ದೆ ಉಣ್ಣಲು ಬರುತ್ತಿರಲಿಲ್ಲ.

ಸವರಿಯಪ್ಪ ತನ್ನ ನೀರಿನ ಚೊಂಬನ್ನು ಹೆಂಡತಿಯ ಕಡೆ ಸರಿಸಿದ. ಆಮೇಲೆ ಪಕ್ಕದಲ್ಲಿ ಹಸಿವಿಗೆ ತಟ್ಟೆ ಬಡಿಯುತ್ತಿದ್ದ ಕಿರಿಮಗನ ಕೈ ಹಿಡಿದು ನಿಲ್ಲಿಸಿದ.

"ತಡ್ಕಳ್ಲಾ, ನಿಮ್ಮವ್ವ ಉಣ್ಲಿ. ಬರೋ ವರ್ಸ ನೀನೂ ಓಗ್ಬೇಕು ಕ್ಯಾಂಪಿಗೆ."