ದೊಡ್ಡ ಉಂಡೆ

ಮಗಳು ಫೋನ್ ಕೆಳಗಿಟ್ಟಾಗ ತಾಯಿಯ ಅಂಗೈಯಲ್ಲಿ ರವೆ ಉಂಡೆ ಅರ್ಧ ದುಂಡಗಾಗಿತ್ತು.

"ಆಸ್ಪತ್ರೆಯವರು, ಅಮ್ಮಾ. ಅಪ್ಪ..."

"ಮೊದಲು ಕೂತ್ಕೊಂಡು ಉಂಡೆ ಕಟ್ಟು. ಆರಿದ್ರೆ ಪುಡಿಯಾಗುತ್ತೆ."

ಅಪ್ಪ ಅಂದು ಸಂಜೆ ಮನೆಗೆ ಮರಳಬೇಕಿತ್ತು. ಮಗಳು ಎದುರು ಕುಳಿತಳು. ರವೆ, ಕಾಯಿತುರಿ, ಸಕ್ಕರೆಯ ಮಿಶ್ರಣ ಬೆರಳು ಸುಡುವಷ್ಟು ಬಿಸಿಯಿತ್ತು. ಇಬ್ಬರ ಕೈಗೂ ಅದು ತಿಳಿಯಲಿಲ್ಲ. ಒಂದೇ ಅಳತೆಯ ಉಂಡೆಗಳು ತಟ್ಟೆಯಲ್ಲಿ ಸಾಲುಗೂಡಿದವು.

"ಹಾಲು ಚಿಮುಕಿಸು," ಎಂದಳು ತಾಯಿ. "ಜಾಸ್ತಿ ಬೇಡ. ಅಂಟಾದ್ರೆ ನಿಮ್ಮಪ್ಪ ಇದನ್ನ ಗಾರೆ ಅಂತ ಆಡ್ಕೋತಾರೆ."

ಮಗಳು ಚಿಮುಕಿಸಿದಳು.

ಪಾತ್ರೆಯ ತಳದಲ್ಲಿ ಉಳಿದುದನ್ನೆಲ್ಲ ಸೇರಿಸಿ, ತಾಯಿ ಎಂದಿನಂತೆ ಗಂಡನಿಗೆಂದು ಕೊನೆಯ ದೊಡ್ಡ ಉಂಡೆ ಕಟ್ಟಿದಳು. ಅದನ್ನು ಕೆಲಕ್ಷಣ ನೋಡಿದಳು. ಬಳಿಕ ಒಡೆದು, ಉಳಿದವುಗಳ ಅಳತೆಗೇ ಎರಡು ಉಂಡೆ ಮಾಡಿ ಸಾಲಿನ ಕೊನೆಗಿಟ್ಟಳು.

"ಎಷ್ಟೊತ್ತಿಗೆ ಹೋದ್ರಂತೆ?" ಎಂದು ಕೇಳಿದಳು.