ಕೊನೆಯ ಸಾಲಿನ ಹೆಸರು

"ಅಪ್ಪ, ನನ್ನ ಸಾಂಗ್ ಲಾಸ್ಟ್ ಲೈನಲ್ಲಿ ಒಂದು ಹೆಸರಿದೆ. ಎಲ್ಲರ ಮುಂದೆ ಹಾಡ್ತೀನಿ. ಪ್ಲೀಸ್, ಬೈಬೇಡಿ, ಓಕೆ?" ಎಂದು ಮಗಳು ನಿಧಿ ಹಾಸ್ಟೆಲಿನ ಪೇ ಫೋನಿನಲ್ಲಿ ಹೇಳಿ ಇಟ್ಟದ್ದೇ ತಡ, ರವಿಶಂಕರನಿಗೆ ಊಟ ಸೇರಲಿಲ್ಲ. ಹದಿನಾರರ ಹುಡುಗಿ, ಕೊನೆಯ ಸಾಲು, ಒಂದು ಹೆಸರು, ಬೈಬೇಡಿ. ಇದಕ್ಕೆ ಅರ್ಥ ಹೇಳಲು ಪಂಡಿತರು ಬೇಕೇ?

ಬೇಸಿಗೆಯಲ್ಲಿ ಎರಡು ವಾರ ಹಾಡು ಕಟ್ಟುವುದನ್ನು ಕಲಿಸುತ್ತಾರೆಂದು ಅಟ್ಲಾಂಟಾದ ಸಂಗೀತ ಕಾಲೇಜಿಗೆ ಅವಳನ್ನು ಬಿಟ್ಟುಬಂದದ್ದೇ ಅರೆಮನಸ್ಸಿನಿಂದ. "ಹುಡುಗರೂ ಅಲ್ಲೇ ಇರ್ತಾರಂತಲ್ಲ?" ಎಂದು ತಾವಿರುವ ಷಾರ್ಲೆಟ್ಟಿನ ಕನ್ನಡದವರು ಆಗಲೇ ಕಿವಿ ಕಚ್ಚಿದ್ದರು. ಈಗ ನೋಡಿ. ಯಾವ ಜೇಸನ್ನೋ, ಯಾವ ಬ್ರಾಯನ್ನೋ! ಕೊನೆಯ ದಿನದ ಕಾರ್ಯಕ್ರಮಕ್ಕೆ ಕಾರು ಓಡಿಸುತ್ತ ದಾರಿಯುದ್ದಕ್ಕೂ ಅವನಿಗೆ ಇದೇ ಚಿಂತೆ. ಪಕ್ಕದಲ್ಲಿ, ಮೈಸೂರಿಂದ ಬಂದಿದ್ದ ತಾಯಿ ಕಾತ್ಯಾಯಿನಮ್ಮ ಆರಾಮಾಗಿ ಚಕ್ಕುಲಿ ಮುರಿಯುತ್ತಿದ್ದರು.

"ಯಾಕೋ, ಹರಳೆಣ್ಣೆ ಕುಡಿದೋರ ಹಾಗೆ ಮುಖ ಮಾಡ್ಕೊಂಡಿದೀಯ?"

"ಏನಿಲ್ಲಮ್ಮ, ಟ್ರಾಫಿಕ್ಕು."

ರಸ್ತೆ ಖಾಲಿಯಿತ್ತು.

ಕಾಲೇಜಿನ ಹಾಲಿನಲ್ಲಿ ಒಬ್ಬೊಬ್ಬರೇ ವೇದಿಕೆಗೆ ಬಂದು ತಾವು ಕಟ್ಟಿದ್ದನ್ನು ಹಾಡಿದರು. ಒಬ್ಬ ಕೈಕೊಟ್ಟ ಗೆಳತಿಗೆ ಶಾಪ ಹಾಕಿದ. ಇನ್ನೊಬ್ಬಳು ಮುಂದಿನ ಸಾಲಲ್ಲಿ ಕೂತಿದ್ದ ಅಪ್ಪನನ್ನೇ ತರಾಟೆಗೆ ತೆಗೆದುಕೊಂಡಳು. ಆ ಪುಣ್ಯಾತ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದ! ರವಿಶಂಕರನಿಗೆ ಎದ್ದು ಹೊರಗೆ ಹೋಗಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ನಿಧಿ ಗಿಟಾರ್ ಹಿಡಿದು ಬಂದಳು.

ಹಾಡು ಇಂಗ್ಲಿಷಿನದು. ಒಬ್ಬ ಹುಡುಗಿ ಕಾರು ಕಲಿಯುತ್ತಿದ್ದಾಳೆ. ಪಕ್ಕದ ಸೀಟಿನವನ ಕಾಲಡಿಯಲ್ಲಿ ಬ್ರೇಕೇ ಇಲ್ಲ, ಆದರೂ ತುಳಿಯುತ್ತಾನೆ. ತಿರುವು ಬಂದರೆ ತುಳಿಯುತ್ತಾನೆ, ನಾಯಿ ಕಂಡರೆ ತುಳಿಯುತ್ತಾನೆ, ಹಸಿರು ದೀಪಕ್ಕೂ ತುಳಿಯುತ್ತಾನೆ. ಕೆಳಗಿನ ಮ್ಯಾಟು ಸವೆದುಹೋಗಿದೆ. ಜನ ಗೊಳ್ಳೆಂದರು. ರವಿಶಂಕರನೂ ನಗಲು ಹೋದವನು, ಇದು ಎಲ್ಲೋ ನೋಡಿದ ಕಾಲು ಎನ್ನಿಸಿ, ತನ್ನ ಬೂಟನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ. ಕೊನೆಯ ಸಾಲು ಬಂತು. ಸ್ಟೀರಿಂಗು ನನ್ನ ಕೈಲಿ, ನನ್ನ ಭಯವೆಲ್ಲ ನಿನ್ನ ಕಾಲಲ್ಲಿ, ರವಿಶಂಕರ.

"ಅಬ್ಬಾ!" ಎಂದ. ಮುಂದೆ ಕೂತಿದ್ದವರು ತಿರುಗಿ ನೋಡುವಷ್ಟು ಜೋರಾಗಿಯೇ ಎಂದ. ಜೇಸನ್ನೂ ಇಲ್ಲ, ಬ್ರಾಯನ್ನೂ ಇಲ್ಲ. ಸದ್ಯ! ಎದೆ ಹಗುರಾಯಿತು, ಜೊತೆಗೆ ಕಣ್ಣೂ ತುಂಬಿತು.

"ಅಂಕಿತ ಕಣೋ ಅದು," ಎಂದರು ಕಾತ್ಯಾಯಿನಮ್ಮ. "ದೇವರನಾಮದ ಕೊನೇಲಿ ಯಾಕಜ್ಜಿ ಹೆಸರು ಬರುತ್ತೆ ಅಂತ ಮೊನ್ನೆ ಫೋನಲ್ಲಿ ಕೇಳಿದ್ಲು. ಹಾಡು ಕಟ್ಟಿದೋರು ತಾವು ನಂಬಿದೋರ ಹೆಸರಿಡ್ತಾರೆ, ನೀನೂ ಇಡು ಅಂದೆ. ದೇವರ ಹೆಸರಿಡ್ತಾಳೆ ಅಂದ್ಕೊಂಡ್ರೆ ಹೋಗಿ ಹೋಗಿ ನಿಂದಿಟ್ಟಿದಾಳಲ್ಲೋ!"

ನಿಧಿ ಓಡಿಬಂದಳು. "ಅಪ್ಪ, ಆರ್ ಯೂ ಮ್ಯಾಡ್ ಅಟ್ ಮೀ? ದೊಡ್ಡೋರ ಹೆಸರು ಹಿಡಿದು ಕರೀಬಾರ್ದು ಅಂತ ನೀವೇ ಹೇಳಿದ್ರಿ. ಬಟ್ ಬರೀ ಡ್ಯಾಡ್ ಅಂದ್ರೆ ಯಾರ ಡ್ಯಾಡ್ ಬೇಕಾದ್ರೂ ಆಗುತ್ತೆ."

ರವಿಶಂಕರ ಜೇಬಿನಿಂದ ಕಾರಿನ ಕೀ ತೆಗೆದು ಅವಳ ಕೈಗಿಟ್ಟ. ಇಲ್ಲಿಯವರೆಗೆ ಮನೆಯ ಸುತ್ತಲಿನ ರಸ್ತೆಗಳಾಚೆ ಅವಳಿಗೆ ಕಾರು ಓಡಿಸಲು ಬಿಟ್ಟವನಲ್ಲ.

"ಹೈವೇನಾ? ರಿಯಲಿ?"

"ನಿಧಾನಕ್ಕೆ ಹೋಗು."

ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡ ಮೇಲೆ ರವಿಶಂಕರ ಬೂಟು ಬಿಚ್ಚಿ, ಇಕ್ಕಟ್ಟಿನಲ್ಲೇ ಕಾಲು ಮಡಿಸಿ, ಚಕ್ಕಳಮಕ್ಕಳ ಹಾಕಿ ಕೂತ.

"ಇದೇನೋ, ಊಟಕ್ಕೆ ಕೂತ ಹಾಗೆ! ಕಾಲು ಇಳಿಬಿಡೋ," ಎಂದರು ಹಿಂದಿನ ಸೀಟಿನಿಂದ ಕಾತ್ಯಾಯಿನಮ್ಮ.

"ಬೇಡಮ್ಮ," ಎಂದ ರವಿಶಂಕರ. "ಇಳಿಬಿಟ್ರೆ ಅದು ಸುಮ್ನಿರಲ್ಲ."