ಅಳಿವೆಯ ನೀರಿನ ಗುರುತು

ಯಂತ್ರವೇ ತಪ್ಪಿರಬಹುದೇ? ಮೂರನೆಯ ಬಾಟಲಿಯಲ್ಲೂ, ಅಳಿವೆಯ ನೀರು ಪರೀಕ್ಷಿಸುವ ವಾಮನನಿಗೆ ಅದೇ ಉತ್ತರ ಬಂತು. ಪಡಿತರದ ಅಕ್ಕಿಗೆ ಒಂದೊಂದು ಮನೆಗೂ ಬೇರೆ ಬೇರೆ ಐಸೊಟೋಪಿನ ಗುರುತು ಬೆರೆಸತೊಡಗಿದ ಮೇಲೆ, ಕಕ್ಕಸು ಗುಂಡಿಯಿಂದ ಸೋರಿ ಅಳಿವೆಯಲ್ಲಿ ಪಾಚಿ ಬೆಳೆಸಿದ ಕೊಳಕು ಯಾರ ಮನೆಯದೆಂದು ಅಲ್ಲಿನ ನೀರೇ ತಿಳಿಸುತ್ತಿತ್ತು. ಸಿಕ್ಕಿಬಿದ್ದವರು ತಿಂಗಳೊಳಗೆ ಕರಾವಳಿ ಬಿಟ್ಟು ಘಟ್ಟ ಹತ್ತಬೇಕು.

ಪಕ್ಕದ ಮನೆಯ ನಾಗವೇಣಿ ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕುತ್ತಲೇ ಕೇಳಿದಳು, "ಈ ಸಲ ಯಾರ ಮನೇದು ಬಂತು, ವಾಮನಣ್ಣ?"

"ನಂದೇ."

"ಒಬ್ನೇ ಉಂಬವ, ಇಷ್ಟೆಲ್ಲ ಹೊಲಸು ಮಾಡ್ತ್ಯಾ?" ತಮಾಷೆಯೆಂದುಕೊಂಡು ಅವಳು ನಕ್ಕಳು.

ಅವನು ವರದಿಯಲ್ಲಿ ತನ್ನ ಮನೆಯ ಸಂಖ್ಯೆ ಬರೆದ. ಸಿಮೆಂಟ್ ಉಳಿದಿದೆಯೆಂದು ನೆಪ ಹೇಳಿ ಅವಳ ಕಕ್ಕಸು ಗುಂಡಿಯ ಬಿರುಕು ಮುಚ್ಚಿಕೊಟ್ಟ. ಅವನ ಸಾಮಾನು ಘಟ್ಟಕ್ಕೆ ಒಯ್ಯುವ ಲಾರಿ ಬಂದ ದಿನ ಅವಳು ದಾರಿಗೆಂದು ಒಣಮೀನು ಕಟ್ಟಿಕೊಟ್ಟು ಅತ್ತಳು. ಆ ಕೊಳಕು ಅವಳ ಮನೆಯದೆಂದು ಅವನು ಹೇಳಲೇ ಇಲ್ಲ.